ಕೊನೆಯ ಬಸ್ಸಿನ ಕಂಡಕ್ಟರ್: ಐಟಿ ಸಚಿವಾಲಯಕ್ಕೆ ಮಂಗಳೂರಿನಿಂದ ಒಂದು ಬಹಿರಂಗ ಪತ್ರ

ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದವರಿಗೆ,

ನಮಸ್ಕಾರ. ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ ನಡೆಸುತ್ತೇನೆ. ಬಿಡಿಭಾಗ ತರಿಸಿ ಜೋಡಿಸಿ ಕೊಡುವ ಅಂಗಡಿ. 2003ರಿಂದ ಇದೇ ಕೆಲಸ. ನಾನು ಅರ್ಥಶಾಸ್ತ್ರ ಓದಿದವನಲ್ಲ, ಚಿಪ್ ವಿನ್ಯಾಸ ಮಾಡಲು ಬರುವುದಿಲ್ಲ. ಆದರೆ ಯಾವ ವರ್ಷ ಯಾವ ಪ್ರೊಸೆಸರ್ ಬಂತು, ಯಾವುದಕ್ಕೆ ಫ್ಯಾನ್ ಜೋರಾಗಿ ಕೂಗುತ್ತಿತ್ತು, ಯಾವುದಕ್ಕೆ ಜನ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಬಂದು ನಿಲ್ಲುತ್ತಿದ್ದರು ಅಂತ ಕೇಳಿದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ.

ಈ ಪತ್ರಕ್ಕೆ ಕಾರಣ ಒಬ್ಬ ಹುಡುಗ. ಸುರತ್ಕಲ್ ಕಡೆಯಿಂದ ಬಂದಿದ್ದ, ಎಂಜಿನಿಯರಿಂಗ್ ಓದುವವನು. ಎಐ ಪ್ರಾಜೆಕ್ಟ್ ಮಾಡಲು ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಎರಡು ಬಾಕ್ಸ್ ತೆಗೆದು ಮೇಜಿನ ಮೇಲಿಟ್ಟೆ. ಒಂದು ಎನ್‌ವಿಡಿಯಾದ 8 ಜಿಬಿ ಮೆಮೊರಿಯ ಕಾರ್ಡ್, ಇನ್ನೊಂದು ಸ್ವಲ್ಪ ಜಾಸ್ತಿ ದುಡ್ಡಿಗೆ ಬರುವ ಎಎಂಡಿಯ 16 ಜಿಬಿ ಕಾರ್ಡ್. ಎಐ ಕೆಲಸಕ್ಕೆ ಮೆಮೊರಿ ಜಾಸ್ತಿ ಇದ್ದಷ್ಟು ಒಳ್ಳೆಯದು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಎರಡನೇ ಬಾಕ್ಸನ್ನು ಮುಟ್ಟಿಯೂ ನೋಡಲಿಲ್ಲ. 'ಅದರಲ್ಲಿ ಕೂಡಾ ಇಲ್ಲ ಅಲ್ವಾ ಅಂಕಲ್' ಅಂದ.

ಕೂಡಾ ಅಂದರೆ ನಮ್ಮ ಕನ್ನಡದ 'ಕೂಡ' ಅಲ್ಲ. ನಮ್ಮ 'ಕೂಡ' ಇನ್ನೊಬ್ಬರನ್ನು ಸೇರಿಸಿಕೊಳ್ಳುವ ಪದ. ಅವನು ಹೇಳಿದ ಕೂಡಾ ಎನ್‌ವಿಡಿಯಾ 2006ರಲ್ಲಿ ಘೋಷಿಸಿದ ಸಾಫ್ಟ್‌ವೇರ್ ವ್ಯವಸ್ಥೆ, ಅವರ ಚಿಪ್‌ನಲ್ಲಿ ಮಾತ್ರ ಓಡುವಂಥದ್ದು. ಅವನ ಮೇಷ್ಟ್ರು ಕಲಿಸಿದ್ದು ಅದು, ಅವನ ಸೀನಿಯರ್ ಬರೆದ ಕೋಡ್ ಅದು, ಇಂಟರ್‌ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಹೆಚ್ಚಿನವು ಅದರದ್ದೇ. ಅವನನ್ನು ಬೈಯುವ ಹಾಗಿಲ್ಲ, ನಾನಾಗಿದ್ದರೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ.

ಅವನು ಹೋದ ಮೇಲೆ ಸುಮ್ನೆ ಕೂತು ಯೋಚನೆ ಮಾಡಿದೆ. ಇಷ್ಟು ದೊಡ್ಡದಾದ ಒಂದು ಕಂಪನಿ, ಎಲ್ಲರೂ ತಾನಾಗಿಯೇ ತನ್ನ ಬಾಗಿಲಿಗೆ ಬರುವಾಗ, ಹೊಸದನ್ನು ಮಾಡುತ್ತಲೇ ಇರುತ್ತದಾ? ಗಿರಾಕಿಗಳ ಹತ್ತಿರ ಕೇಳಿದರೆ ದೊಡ್ಡವರಾದ ಮೇಲೆ ತಲೆ ಓಡುವುದಿಲ್ಲ ಅನ್ನುತ್ತಾರೆ. ಎಷ್ಟೋ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಈಗ ಒಪ್ಪುವುದಿಲ್ಲ.

ಒಂದು ಸಲ ನಮ್ಮ ಸ್ಟೇಟ್ ಬ್ಯಾಂಕಿಗೆ ಬನ್ನಿ. ದಿಲ್ಲಿಯವರು ಬ್ಯಾಂಕಿನ ಒಳಗೆ ಹೋಗಿಬಿಟ್ಟೀರಿ ಮಾರಾಯ್ರೆ, ಮಂಗಳೂರಿನಲ್ಲಿ ಸ್ಟೇಟ್ ಬ್ಯಾಂಕ್ ಅಂದರೆ ಬಸ್ ಸ್ಟ್ಯಾಂಡ್. ಹಗಲು ಹೊತ್ತು ಉಡುಪಿಗೆ ಹೋಗುವ ಖಾಸಗಿ ಬಸ್ಸು ಒಂದರ ಹಿಂದೆ ಒಂದು ಹೊರಡುತ್ತಿರುತ್ತವೆ. ನೀವು ಇನ್ನೂ ಎಲ್ಲಿಗೆ ಅಂತ ಯೋಚಿಸುತ್ತಿರುವಾಗಲೇ ಕಂಡಕ್ಟರ್ ನಿಮ್ಮ ಕೈಯ ಚೀಲ ಎತ್ತಿಕೊಂಡು ಆಗಿರುತ್ತದೆ. 'ಸೀಟುಂಟು, ಬನ್ನಿ ಬನ್ನಿ, ಉಡುಪಿ ಉಡುಪಿ ಉಡುಪಿ.' ಅಜ್ಜಿಗೆ ಕೈ ಕೊಟ್ಟು ಹತ್ತಿಸುತ್ತಾನೆ, ಮಗುವನ್ನು ಎತ್ತಿಕೊಳ್ಳುತ್ತಾನೆ. ಅದೇ ಮನುಷ್ಯ ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ ಬಾಗಿಲಿಗೆ ಒರಗಿ ನಿಂತು ನಿಮ್ಮ ಮುಖವನ್ನೂ ನೋಡುವುದಿಲ್ಲ. ಬಂದರೆ ಬನ್ನಿ, ಇಲ್ಲದಿದ್ದರೆ ನಿಮ್ಮಿಷ್ಟ. ಬಸ್ಸು ಅದೇ, ರಸ್ತೆ ಅದೇ, ಆಳೂ ಅವನೇ. ಹಿಂದೆ ಇನ್ನೊಂದು ಬಸ್ಸಿಲ್ಲ, ಅಷ್ಟೇ ವ್ಯತ್ಯಾಸ.

ಇಂಟೆಲ್ ಕಂಪನಿಯ ಕಥೆ ನಾನು ಮೇಜಿನ ಈಚೆ ಕಡೆಯಿಂದ ನೋಡಿದ್ದೇನೆ, ಅದು ಇದೇ ಕಥೆ. ಪ್ರೊಸೆಸರಿನಲ್ಲಿ ಕೋರ್ ಅಂದರೆ ಅಡುಗೆಮನೆಯಲ್ಲಿ ಒಲೆ ಇದ್ದ ಹಾಗೆ, ಎಷ್ಟು ಒಲೆಯೋ ಅಷ್ಟು ಪಾತ್ರೆ ಒಟ್ಟಿಗೆ ಇಡಬಹುದು. 2007ರ ಶುರುವಿಗೆ ಇಂಟೆಲ್‌ನ ಕೋರ್ 2 ಕ್ವಾಡ್ ಬಂತು, ನಾಲ್ಕು ಕೋರ್. ಅದಾದ ಮೇಲೆ ಅವರ ಮಾಮೂಲಿ ಡೆಸ್ಕ್‌ಟಾಪ್ ಸಾಲಿನಲ್ಲಿ ಮೇಲಿನ ಮಟ್ಟದ ಚಿಪ್ ತೆಗೆದುಕೊಂಡರೆ 2011ರಲ್ಲೂ ನಾಲ್ಕು, 2013ರಲ್ಲೂ ನಾಲ್ಕು, 2015ರಲ್ಲೂ ನಾಲ್ಕು, 2017ರ ಜನವರಿಯಲ್ಲಿ ಬಂದ ಐ7-7700ಕೆ, ಅದರಲ್ಲೂ ನಾಲ್ಕೇ. ಹತ್ತು ವರ್ಷ! ಆರು ಎಂಟು ಬೇಕಾದರೆ ಬೇರೆಯೇ ಒಂದು ದುಬಾರಿ ಸಾಲು ಇತ್ತು, ಅದಕ್ಕೆ ಮದರ್‌ಬೋರ್ಡೂ ಬೇರೆ, ನಮ್ಮ ಊರಿನ ಗಿರಾಕಿಗೆ ಅದು ಕನಸಿನ ಮಾತು. ಹಳೇ ಗಿರಾಕಿ ಬಂದು 'ನಾಲ್ಕು ವರ್ಷ ಆಯ್ತು, ಹೊಸದು ಹಾಕಲಾ?' ಅಂತ ಕೇಳಿದರೆ 'ಇನ್ನೆರಡು ವರ್ಷ ಅದರಲ್ಲೇ ನಡೆಸಿ' ಅಂತ ನಾನೇ ವಾಪಸ್ ಕಳಿಸಿದ್ದುಂಟು. ವ್ಯಾಪಾರಿ ಹೇಳುವ ಮಾತಾ ಅದು?

ಆ ಹೊತ್ತಿಗೆ ಎದುರಾಳಿ ಎಎಂಡಿಯ ಸ್ಥಿತಿ ಎಂತ ಇತ್ತು ಅಂದರೆ, 2013ರಲ್ಲಿ ಅಮೆರಿಕದ ಆಸ್ಟಿನ್ ಊರಿನ ತನ್ನ ಕ್ಯಾಂಪಸ್ಸನ್ನೇ ಮಾರಿ ಅದೇ ಕಟ್ಟಡದಲ್ಲಿ ಬಾಡಿಗೆಗೆ ಕೂತಿತ್ತು. 2015ರಲ್ಲಿ ಅದರ ಒಂದು ಷೇರಿನ ಬೆಲೆ ಎರಡು ಡಾಲರಿಗಿಂತ ಕೆಳಗೆ ಇಳಿದಿತ್ತು. ಇಂಟೆಲ್ ಪಾಲಿಗೆ ಅದು ರಾತ್ರಿಯ ಕೊನೆಯ ಟ್ರಿಪ್ಪು.

2017ರ ಮಾರ್ಚ್‌ನಲ್ಲಿ ಎಎಂಡಿಯ ರೈಝೆನ್ ಬಂತು. ಐ7-7700ಕೆ ಬೆಲೆ 339 ಡಾಲರ್, ನಾಲ್ಕು ಕೋರ್. ರೈಝೆನ್ 7 1700 ಬೆಲೆ 329 ಡಾಲರ್, ಎಂಟು ಕೋರ್. ಮುಂದೆ ಆದದ್ದು ಕೇಳಿ. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್‌ನಿಂದ ಆರು ಕೋರ್ ಬಂತು. ಮರುವರ್ಷ ಅಕ್ಟೋಬರ್‌ಗೆ ಎಂಟು ಕೋರ್. ಹತ್ತು ವರ್ಷದಲ್ಲಿ ಒಂದೂ ಏರದ್ದು ಇಪ್ಪತ್ತು ತಿಂಗಳೊಳಗೆ ದುಪ್ಪಟ್ಟು ಆಯಿತು. ಒಂದು ಚಿಪ್ ಹೊಸದಾಗಿ ವಿನ್ಯಾಸ ಮಾಡಿ, ಪರೀಕ್ಷೆ ಮಾಡಿ, ಕಾರ್ಖಾನೆಯಿಂದ ಹೊರತರಲು ಏಳು ತಿಂಗಳು ಎಲ್ಲಿಗೂ ಸಾಕಾಗುವುದಿಲ್ಲ, ಹಾಗಾಗಿ ಆ ಆರು ಕೋರಿನ ಕೆಲಸ ಮೊದಲೇ ನಡೆದಿತ್ತು ಅಂತಲೇ ನನ್ನ ಲೆಕ್ಕ. ಎಂಜಿನಿಯರುಗಳ ತಲೆ ಚೆನ್ನಾಗಿಯೇ ಓಡುತ್ತಿತ್ತು. ಹೊರಗೆ ತರುವ ಅವಸರ ಯಾರಿಗೂ ಇರಲಿಲ್ಲ.

ಗೂಗಲ್‌ನದ್ದೂ ಹೀಗೆಯೇ ಅಲ್ವಾ? ಇವತ್ತಿನ ಎಐ ಚಾಟ್‌ಗಳಿಗೆಲ್ಲ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ಅನ್ನುವ ವಿಧಾನ ಹುಟ್ಟಿದ್ದು ಅವರ ಮನೆಯಲ್ಲಿ, 2017ರಲ್ಲಿ. ಜನರ ಕೈಗೆ ಚಾಟ್‌ಜಿಪಿಟಿ ಕೊಟ್ಟದ್ದು ಓಪನ್‌ಎಐ, 2022ರ ನವೆಂಬರ್ 30ಕ್ಕೆ. ಗೂಗಲ್ ತನ್ನದೇ ಚಾಟ್ ಬಾರ್ಡ್ ಘೋಷಿಸಿದ್ದು ಮುಂದಿನ ಫೆಬ್ರವರಿಯಲ್ಲಿ. ಐದು ವರ್ಷ ಜನರ ಕೈಗೆ ಚಾಟ್ ಆಗಿ ಬರಲಿಲ್ಲ, ಆಮೇಲೆ ಎರಡು ತಿಂಗಳು ಚಿಲ್ಲರೆಯಲ್ಲಿ ಘೋಷಣೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಟೆಲ್‌ಗೆ ನಿಜವಾದ ಪೆಟ್ಟು ಬಿದ್ದದ್ದು ಎಎಂಡಿಯಿಂದ ಮಾತ್ರ ಅಲ್ಲ. ನಮ್ಮ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಹೊಳೆ ದಂಡೆ ಉದ್ದಕ್ಕೂ ಕಾರ್ಖಾನೆಗಳು ಎದ್ದವು, ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ಆ ಹಂಚನ್ನು ಸೋಲಿಸಿದ್ದು ಇನ್ನೊಬ್ಬರ ಹಂಚಲ್ಲ, ಕಾಂಕ್ರೀಟ್ ತಾರಸಿ. ಇಂಟೆಲ್‌ಗೆ ತಾರಸಿ ಅಂದರೆ ಮೊಬೈಲ್. ಐಫೋನಿಗೆ ಚಿಪ್ ಮಾಡಿಕೊಡುವ ಅವಕಾಶ ಬಂದಿತ್ತು, ಬೆಲೆ ಹೊಂದಲಿಲ್ಲ ಅಂತ ಬಿಟ್ಟೆವು, ಅದು ಅಷ್ಟು ಸಂಖ್ಯೆಯಲ್ಲಿ ಮಾರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ ಅಂತ ಅದರ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಹುದ್ದೆ ಬಿಡುವ ಹೊತ್ತಿಗೆ ಹೇಳಿಕೊಂಡರು. ಕೋಟಿಗಟ್ಟಲೆ ಮೊಬೈಲ್ ಚಿಪ್ ಮಾಡಿಕೊಟ್ಟು ತೈವಾನಿನ ಟಿಎಸ್‌ಎಂಸಿ ಬೆಳೆಯಿತು, ಆ ದುಡ್ಡಲ್ಲಿ ಕಾರ್ಖಾನೆ ಸುಧಾರಿಸಿತು. ಇಂಟೆಲ್ ಮಾತ್ರ ಡೆಸ್ಕ್‌ಟಾಪ್‌ನಲ್ಲಿ 2015ರಿಂದ 2021ರ ಮಾರ್ಚ್‌ವರೆಗೂ 14 ನ್ಯಾನೊಮೀಟರ್ ಚಿಪ್‌ಗಳನ್ನೇ ಹೊಸ ಹೊಸ ಹೆಸರಿನಲ್ಲಿ ತಂದಿತು (ಈ ಸಂಖ್ಯೆ ಸಣ್ಣದಾದಷ್ಟು ಕಾರ್ಖಾನೆಯ ತಂತ್ರ ಹೊಸದು). 2020ರಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಹಾಕಿಕೊಂಡು ಬೇರೆ ಹೋಯಿತು.

ಇಷ್ಟೆಲ್ಲ ಹೇಳಿದ್ದು ಇಂಟೆಲ್‌ನ ಮೇಲಿನ ಸಿಟ್ಟಿಗಲ್ಲ. 2005ರ ಸುಮಾರಿಗೆ ಎಎಂಡಿಯ ಕೈ ಮೇಲಿದ್ದಾಗ ಅವರ ಅಥ್ಲಾನ್ 64 ಎಫ್‌ಎಕ್ಸ್ ಸಾವಿರ ಡಾಲರ್ ದಾಟಿತ್ತು. 2020ರಲ್ಲಿ ಮತ್ತೆ ಮುಂದೆ ಬಂದ ಕೂಡಲೇ ಆರು ಕೋರಿನ 5600ಎಕ್ಸ್ ಬೆಲೆ ಹಿಂದಿನದಕ್ಕಿಂತ 50 ಡಾಲರ್ ಏರಿತು, ಅಗ್ಗದ 5600 ಬರಲು 2022ರವರೆಗೆ ಕಾಯಬೇಕಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ಸೊಸೆಗೆ ಅತ್ತೆಯಾಗುವುದು ಎಷ್ಟು ಬೇಗ ಬರುತ್ತದೆ ನೋಡಿ.

ಈಗ ನನ್ನ ಮುಖ್ಯ ಮಾತು. ಎಎಂಡಿ ಅನ್ನುವ ಎರಡನೇ ಬಸ್ಸು ಆ ರೂಟಿನಲ್ಲಿ ಇದ್ದದ್ದಾದರೂ ಹೇಗೆ? ತಾನಾಗಿ ಬಂದದ್ದಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ಒಬ್ಬನೇ ಪೂರೈಕೆದಾರನನ್ನು ನಂಬಿ ಕೂರುವುದಿಲ್ಲ, ಇದೇ ಚಿಪ್ಪನ್ನು ಮಾಡಿಕೊಡುವ ಎರಡನೆಯವನೂ ಬೇಕು ಅಂತ ಐಬಿಎಂ ಪಟ್ಟು. ಹಾಗಾಗಿ 1982ರಲ್ಲಿ ಇಂಟೆಲ್ ತನ್ನ ವಿನ್ಯಾಸವನ್ನು ಎಎಂಡಿಗೆ ಕೊಡುವ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಮುಂದೆ ಇಂಟೆಲ್‌ನ 386 ಅನ್ನುವ ಹೊಸ ಚಿಪ್ ಬಂದಾಗ ಕೊಡಲು ಒಪ್ಪಲಿಲ್ಲ, ಜಗಳ ಕೋರ್ಟಿಗೆ ಹೋಗಿ 1995ರವರೆಗೆ ಎಳೆಯಿತು, ನಡುವೆ 1991ರಲ್ಲಿ ಎಎಂಡಿ ತನ್ನದೇ 386 ಮಾಡಿತು. ಆದರೆ ಬಾಗಿಲು ಒಮ್ಮೆ ತೆರೆದಾಗಿತ್ತು. ತೆರೆಸಿದ್ದು ಸರ್ಕಾರವೂ ಅಲ್ಲ, ಕೋರ್ಟೂ ಅಲ್ಲ. ಗಿರಾಕಿ. ದೊಡ್ಡ ಗಿರಾಕಿ.

ಪಿಸಿ ಪ್ರೊಸೆಸರ್ ಮಟ್ಟಿಗೆ ಶುರುವಿನಲ್ಲಿ ಎಎಂಡಿ ಇಂಟೆಲ್‌ನ ವಿನ್ಯಾಸವನ್ನೇ ಮಾಡಿಕೊಡುವ ಕಂಪನಿ. 1982ರಲ್ಲಿ ಅದನ್ನು ನೋಡಿದವರು 'ಇವನಿಂದ ಎಂತ ಆಗ್ತದೆ' ಅಂದಿರಬಹುದು. 21 ವರ್ಷ ಆದ ಮೇಲೆ, 2003ರಲ್ಲಿ, ಹಳೇ ಪ್ರೋಗ್ರಾಮ್‌ಗಳನ್ನೂ ಓಡಿಸುವ 64 ಬಿಟ್ ಚಿಪ್ ತಂದದ್ದು ಅದೇ ಎಎಂಡಿ. ಇಂಟೆಲ್ ಆಗ ಇಟೇನಿಯಂ ಅಂತ ಬೇರೆಯೇ ದಾರಿ ಹಿಡಿದಿತ್ತು. ಮರುವರ್ಷ ಎದುರಾಳಿಯ ದಾರಿಗೇ ಬಂತು. ಇವತ್ತು ನೀವು ಉಬುಂಟು ಲಿನಕ್ಸ್ ಇಳಿಸಿಕೊಂಡರೆ ಫೈಲಿನ ಹೆಸರಿನಲ್ಲಿ 'ಎಎಂಡಿ64' ಅಂತ ಇರುತ್ತದೆ, ಹಾಕುವುದು ಇಂಟೆಲ್ ಕಂಪ್ಯೂಟರಿಗಾದರೂ ಸರಿ. ತಪ್ಪು ಫೈಲ್ ಇಳಿಸಿದೆ ಅಂತ ಹೆದರಿ ಫೋನ್ ಮಾಡಿದವರಿಗೆ ನಾನು ಎಷ್ಟು ಸಲ ಸಮಾಧಾನ ಹೇಳಿದ್ದೇನೋ ಲೆಕ್ಕವಿಲ್ಲ. ಅಡಿಕೆ ಗಿಡ ನೆಟ್ಟು ಗೊತ್ತಿದ್ದವರಿಗೆ ಈ 21 ವರ್ಷದ ಲೆಕ್ಕ ಅರ್ಥ ಆಗುತ್ತದೆ.

ಕಾನೂನಿನ ದಾರಿ ಇಲ್ಲವಾ ಅಂತ ಕೇಳಬಹುದು. ಉಂಟು. ನಮ್ಮ ಸ್ಪರ್ಧಾ ಕಾಯ್ದೆ, 2002ರದ್ದು, ದೊಡ್ಡದಾಗಿರುವುದನ್ನೇ ತಪ್ಪು ಅನ್ನುವುದಿಲ್ಲ, ದೊಡ್ಡಸ್ತಿಕೆಯ ದುರುಪಯೋಗ ಮಾತ್ರ ತಪ್ಪು ಅನ್ನುತ್ತದೆ, ಅದು ಸರಿಯೇ. ಆದರೆ ಕೋರ್ಟಿನ ವೇಗ ನೋಡಿ. ಎಎಂಡಿ ಚಿಪ್ ತೆಗೆದುಕೊಳ್ಳದ ಹಾಗೆ ಕಂಪ್ಯೂಟರ್ ಕಂಪನಿಗಳಿಗೆ ರಿಯಾಯಿತಿ ಕೊಟ್ಟಿತು ಅಂತ ಯುರೋಪಿಯನ್ ಕಮಿಷನ್ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೊ ದಂಡ ಹಾಕಿತು. 2022ರಲ್ಲಿ ಅಲ್ಲಿನ ಕೋರ್ಟು ಆ ದಂಡ ರದ್ದು ಮಾಡಿತು, 2024ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟು ರದ್ದು ಮಾಡಿದ್ದೇ ಸರಿ ಅಂದಿತು, ನಡುವೆ 2023ರಲ್ಲಿ ಅದೇ ಪ್ರಕರಣದಲ್ಲಿ ಇನ್ನೊಂದು ಚಿಕ್ಕ ದಂಡ. ಹದಿನೈದು ವರ್ಷ! ಅಷ್ಟರಲ್ಲಿ ಎಎಂಡಿ ಬಿದ್ದು, ಎದ್ದು, ಗೆದ್ದೂ ಆಗಿತ್ತು.

ಈಗ ನಿಮ್ಮ ಮನೆಗೆ ಬರುತ್ತೇನೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, ಸುಮಾರು 10,372 ಕೋಟಿ ರೂಪಾಯಿ. ಅದರಲ್ಲಿ 38,000ಕ್ಕೂ ಹೆಚ್ಚು ಜಿಪಿಯು, ಅಂದರೆ ಎಐ ಕೆಲಸದ ಗ್ರಾಫಿಕ್ಸ್ ಚಿಪ್, ಒದಗಿಸಿ, ಗಂಟೆಗೆ 65 ರೂಪಾಯಿಯ ದರದಲ್ಲಿ ಕೊಡುತ್ತೇವೆ ಅಂದಿರಿ. ಒಳ್ಳೆಯ ಕೆಲಸ, ಮನಸ್ಸಿನಿಂದ ಹೇಳುತ್ತೇನೆ. ನಮ್ಮ ಊರಿನ ಹುಡುಗರಿಗೆ ಆ ಚಿಪ್‌ಗಳು ಕಣ್ಣಿಗೆ ಬೀಳುವುದೂ ಕಷ್ಟವಿತ್ತು. ಮೊದಲ ಸುತ್ತಿನಲ್ಲಿ, 2025ರ ಜನವರಿಯಲ್ಲಿ ಹೇಳಿದ ಲೆಕ್ಕ 18,693. ಅದರಲ್ಲಿ 12,896 ಎಚ್100, 1,480 ಎಚ್200. ಎರಡೂ ಎನ್‌ವಿಡಿಯಾದ್ದು. ಇವೆರಡೇ ನಾಲ್ಕರಲ್ಲಿ ಮೂರು ಪಾಲು ಆಯಿತು. ಬೇರೆ ಕಂಪನಿಗಳದ್ದೂ ಪಟ್ಟಿಯಲ್ಲಿ ಇತ್ತು, ಇಲ್ಲ ಅನ್ನುವುದಿಲ್ಲ.

ಎನ್‌ವಿಡಿಯಾ ಸೋಮಾರಿ ಕಂಪನಿ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದೀತು. 1997ರಲ್ಲಿ ಮುಳುಗುವ ಹಾಗಿದ್ದ ಕಂಪನಿ 2025ರ ಅಕ್ಟೋಬರ್‌ನಲ್ಲಿ 5 ಲಕ್ಷ ಕೋಟಿ ಡಾಲರ್ ಬೆಲೆ ಮುಟ್ಟಿದ ಜಗತ್ತಿನ ಮೊದಲ ಕಂಪನಿ ಆಯಿತು. ಇದರಿಂದ ಎಂತ ಲಾಭ ಅಂತ ಷೇರುಪೇಟೆಯವರು ಕೇಳುತ್ತಿದ್ದ ವರ್ಷಗಳಲ್ಲೂ ಕೂಡಾಕ್ಕೆ ದುಡ್ಡು ಹಾಕುತ್ತಲೇ ಇದ್ದರು. 2012ರಲ್ಲಿ ಎಐ ಲೋಕವನ್ನು ಎಬ್ಬಿಸಿದ, ಚಿತ್ರ ಗುರುತಿಸುವ ಅಲೆಕ್ಸ್‌ನೆಟ್ ಅನ್ನುವ ಮಾದರಿ ಓಡಿದ್ದು ಅವರ ಎರಡು ಜಿಟಿಎಕ್ಸ್ 580 ಕಾರ್ಡಿನ ಮೇಲೆ, ಆಟ ಆಡುವ ಕಾರ್ಡು ಅದು, ನನ್ನ ಅಂಗಡಿಯಲ್ಲಿ ಸಿಗುತ್ತಿದ್ದಂಥದ್ದು. ಈಗಲೂ ದೊಡ್ಡ ಡೇಟಾ ಸೆಂಟರುಗಳಿಗೆ ಒಂದಾದ ಮೇಲೆ ಒಂದು ಹೊಸ ಚಿಪ್ ತರುತ್ತಲೇ ಇದ್ದಾರೆ. ಯಾಕೆಂದರೆ ಅಲ್ಲಿ ಹಿಂದೆ ಬಸ್ಸುಂಟು. ಗೂಗಲ್ 2015ರಿಂದಲೇ ತನ್ನದೇ ಟಿಪಿಯು ಚಿಪ್ ಬಳಸುತ್ತಿದೆ, ಅಮೆಜಾನ್ ಟ್ರೇನಿಯಂ ಮಾಡಿಕೊಂಡಿದೆ. ಎನ್‌ವಿಡಿಯಾದ ದೊಡ್ಡ ಗಿರಾಕಿಗಳೇ ಅದರ ಎದುರಾಳಿಗಳು.

ಹಿಂದೆ ಬಸ್ಸು ಕಡಿಮೆ ಇರುವ ಕಡೆ ನೋಡಿ. 2016ರ ಜಿಟಿಎಕ್ಸ್ 1070ರಲ್ಲಿ 8 ಜಿಬಿ ಮೆಮೊರಿ. 2023ರ ಆರ್‌ಟಿಎಕ್ಸ್ 4060ರಲ್ಲಿ 8 ಜಿಬಿ. 2025ರ ಆರ್‌ಟಿಎಕ್ಸ್ 5060ರಲ್ಲಿ 8 ಜಿಬಿ. ಸಾಲು ಬೇರೆ, ಬೆಲೆ ಬೇರೆ ಅಂತ ನೀವು ಹೇಳಬಹುದು, ಒಪ್ಪಿದೆ. ಆದರೂ ಈ 8, 8, 8 ನೋಡುವಾಗ ನನಗೆ ಆ 4, 4, 4 ನೆನಪಾಗುತ್ತದೆ. ಸುರತ್ಕಲ್ ಹುಡುಗ ಕೊಂಡದ್ದು ಈ 8ನ್ನೇ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಕೇಂದ್ರ ಸರ್ಕಾರದ ಒಂದು ಕಚೇರಿ, ಯಾವುದು ಅಂತ ಬೇಡ, ಕಂಪ್ಯೂಟರಿಗೆ ಟೆಂಡರ್ ಕರೆದಿತ್ತು. ಪ್ರೊಸೆಸರ್ ಅಂತ ಬರೆದ ಕಡೆ ಒಂದು ಕಂಪನಿಯ ಹೆಸರನ್ನೇ ಹಾಕಿದ್ದರು. ನಾನು 2017ರ ಸಾಮಾನ್ಯ ಹಣಕಾಸು ನಿಯಮಗಳ 144ನೇ ನಿಯಮ ಪ್ರಿಂಟ್ ಹಾಕಿಸಿಕೊಂಡು ಹೋದೆ. ಸರ್ಕಾರಿ ಖರೀದಿಯಲ್ಲಿ ಸಾಧ್ಯವಾದ ಮಟ್ಟಿಗೆ ಬ್ರ್ಯಾಂಡ್ ಹೆಸರು ಹೇಳಿ ಕೇಳಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಕುರ್ಚಿಯಲ್ಲಿದ್ದವರು ಓದಿ, ಕಾಗದ ಮಡಚಿ ವಾಪಸ್ ಕೊಟ್ಟು, 'ಎಲ್ಲರೂ ಇದನ್ನೇ ಅಲ್ವಾ ತೆಗೆದುಕೊಳ್ಳುವುದು' ಅಂದರು. ಆ ಟೆಂಡರ್ ನನಗೆ ಸಿಗಲಿಲ್ಲ. ಸಿಗುತ್ತಿತ್ತು ಅಂತಲೂ ಹೇಳುವುದಿಲ್ಲ.

ಇವತ್ತು ಟೆಂಡರಿನಲ್ಲಿ ಹೆಸರು ಬರೆಯುವ ಅಗತ್ಯವೇ ಇಲ್ಲ. ಜಿಪಿಯು ಬೇಕು ಅಂತ ಬರೆದು, ಓಡಿಸಬೇಕಾದ ಸಾಫ್ಟ್‌ವೇರನ್ನು ಕೂಡಾದಲ್ಲಿ ಬರೆಸಿದರೆ ಸಾಕು, ಹೆಸರು ತಾನಾಗಿಯೇ ಬರುತ್ತದೆ. 144ನೇ ನಿಯಮದವರಿಗೆ ಗೊತ್ತೂ ಆಗುವುದಿಲ್ಲ. ಎಐ ಕೋಡ್ ಬರೆಯಲು ಬಳಸುವ ಪೈಟಾರ್ಚ್‌ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಎಂಡಿ ಕಾರ್ಡಿನ ಮೇಲೆ ಓಡಿಸುವಾಗಲೂ ಕೋಡಿನಲ್ಲಿ 'ಕೂಡಾ' ಅಂತಲೇ ಬರೆಯಬೇಕು. ಎಎಂಡಿ64ರ ಕಥೆ ತಿರುಗಾ ಮುರುಗಾ!

ಹಾಗಾಗಿ ನಿಮ್ಮಿಂದ ನಾನು ಕೇಳುವುದು ದಂಡ ಅಲ್ಲ, ನಿಷೇಧವೂ ಅಲ್ಲ. 1981ರಲ್ಲಿ ಐಬಿಎಂ ಕೇಳಿದ್ದನ್ನು ನೀವು ಕೇಳಿ. ಈಗ ನೀವು ಅಷ್ಟು ದೊಡ್ಡ ಗಿರಾಕಿ. ಮಿಷನ್ನಿನ ದುಡ್ಡು, ಅಂದರೆ ನಮ್ಮ ತೆರಿಗೆ ದುಡ್ಡು, ಪಡೆದು ಮಾಡುವ ಯಾವ ಎಐ ಮಾದರಿಯಾದರೂ, ಯಾವ ಸಾಫ್ಟ್‌ವೇರ್ ಆದರೂ, ಕಡಿಮೆ ಅಂದರೆ ಎರಡು ಕಂಪನಿಗಳ ಚಿಪ್‌ನಲ್ಲಿ ಓಡಬೇಕು ಅಂತ ಷರತ್ತು ಹಾಕಿ. ಓಡಿಸಿ ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡಿ. ಎರಡನೆಯದರಲ್ಲಿ ಸ್ವಲ್ಪ ನಿಧಾನ ಓಡಿದರೂ ಪರವಾಗಿಲ್ಲ, ಓಡಬೇಕು ಅಷ್ಟೇ. ನೀವು ದುಡ್ಡು ಕೊಟ್ಟು ನಡೆಸುವ ಎಐ ತರಬೇತಿಗಳಲ್ಲಿ ಒಂದೇ ಕಂಪನಿಯ ಪಾಠ ಕಲಿಸುವುದನ್ನು ಬಿಡಿ, ಯಾಕೆಂದರೆ ಆ ಹುಡುಗನ ಕೈ ಎರಡನೇ ಬಾಕ್ಸಿಗೆ ಹೋಗದ ಹಾಗೆ ಮಾಡಿದ್ದು ಅವನ ಕ್ಲಾಸ್ ರೂಮು. ಬೇಕಾದರೆ ಬೇರೆ ಚಿಪ್‌ನಲ್ಲಿ ತಮ್ಮ ಕೆಲಸ ಪರೀಕ್ಷೆ ಮಾಡಿ ನೋಡುವ ವಿದ್ಯಾರ್ಥಿಗಳಿಗೆ ಆ 65 ರೂಪಾಯಿಯನ್ನೂ ಬಿಟ್ಟುಬಿಡಿ. ಎಷ್ಟು ಖರ್ಚಾದೀತು?

ಎರಡನೆಯದು ಅಷ್ಟು ಚೆನ್ನಾಗಿಲ್ಲವಲ್ಲ ಅನ್ನುತ್ತೀರಿ, ಗೊತ್ತು. ಕೂಡಾದಂಥದ್ದೇ ಎಎಂಡಿಯ ವ್ಯವಸ್ಥೆ ರಾಕ್‌ಎಂ ಬಂದದ್ದೇ 2016ರಲ್ಲಿ, ಕೂಡಾಕ್ಕಿಂತ ಹತ್ತು ವರ್ಷ ತಡ, ಇವತ್ತಿಗೂ ಅಷ್ಟು ಸಲೀಸಿಲ್ಲ. ಬಳಸುವವರು ಇಲ್ಲದೆ ಅದು ಸುಧಾರಿಸುವುದಾದರೂ ಹೇಗೆ? ಖಾಲಿ ಓಡುವ ಬಸ್ಸಿಗೆ ಯಾರೂ ಹೊಸ ಟಯರು ಹಾಕಿಸುವುದಿಲ್ಲ. ಆ ಎರಡನೇ ಜಾಗ ಎಎಂಡಿಗೇ ಹೋಗಬೇಕು ಅಂತಲೂ ನನ್ನ ಹಟವಿಲ್ಲ, ನಾಳೆ ನಮ್ಮಲ್ಲೇ ಒಂದು ಚಿಪ್ ತಯಾರಾದರೆ, ಅದು ಓಡಲು ಒಂದು ರೂಟು ಖಾಲಿ ಇರಬೇಕಲ್ಲ.

ಮೊನ್ನೆ ಆ ಹುಡುಗ ಫೋನ್ ಮಾಡಿದ್ದ. ಮಾದರಿ 8 ಜಿಬಿಯಲ್ಲಿ ಹಿಡಿಯುತ್ತಿಲ್ಲವಂತೆ, ಚಿಕ್ಕದು ಮಾಡಿ ಓಡಿಸುತ್ತಿದ್ದೇನೆ ಅಂದ. ಆ 16 ಜಿಬಿ ಕಾರ್ಡ್ ಇನ್ನೂ ನನ್ನ ಕಪಾಟಿನಲ್ಲೇ ಉಂಟು, ಸೀಲ್ ಒಡೆದಿಲ್ಲ. ನಿಮ್ಮ ತಾಂತ್ರಿಕ ವಿಭಾಗದವರು ಯಾರಾದರೂ ಈ ಕಡೆ ಬರುವುದಿದ್ದರೆ ಅಂಗಡಿಗೆ ಬನ್ನಿ. ಅವನನ್ನೂ ಕರೆಸುತ್ತೇನೆ. ಅವನ ಕೋಡನ್ನು ಅದರ ಮೇಲೆ ಓಡಿಸಿ ನೋಡುವ, ಎಲ್ಲಿ ನಿಲ್ಲುತ್ತದೆ ಅಂತ ನೀವೇ ಬರೆದುಕೊಳ್ಳಿ. ಭಾನುವಾರ ಮಾತ್ರ ರಜೆ.

ಇಂತಿ,
ಹಂಪನಕಟ್ಟೆಯ ಒಬ್ಬ ಕಂಪ್ಯೂಟರ್ ಅಂಗಡಿಯವನು
ಮಂಗಳೂರು